ಎರಡು ಕ್ರೆಡಿಟ್ಟಿನ ಪೇಪರು

ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು ಸಿಡುಕಿದ್ದು ಇನ್ನೂ ಕಿವಿಯಲ್ಲಿದೆ. "ಕಂಪ್ಯೂಟರ್ ಸೈನ್ಸ್ ಓದೋಣ ಅಂತ ಬಂದರೆ ಸಂವಿಧಾನ ಅಂತಾರೆ, ಪರಿಸರ ಅಂತಾರೆ, ಕನ್ನಡ ಅಂತಾರೆ. ಇದೆಲ್ಲ ಯಾರಿಗೆ ಬೇಕಿತ್ತು ದೊಡ್ಡಮ್ಮ?" ಅಂದೆ. ಒಲೆಯ ಮೇಲೆ ಹಾಲಿತ್ತು, ನಾನು ಏನೋ ಒಂದು ಹೇಳಿ ಫೋನಿಟ್ಟೆ. ಆಮೇಲೆ ಯೋಚಿಸಿದರೆ, ಹಾಲು ಇಲ್ಲದಿದ್ದರೂ ನನ್ನ ಬಳಿ ನೆಟ್ಟಗಿನ ಉತ್ತರ ಇರಲಿಲ್ಲ. ಮೂವತ್ತೊಂದು ವರ್ಷ ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟವಳು, ಅದರಲ್ಲಿ ಹದಿನೈದು ವರ್ಷ ನೀನು ಬೈಯುತ್ತಿರುವ ಆ ಪರಿಸರದ ಪೇಪರನ್ನೂ ಹೇಳಿಕೊಟ್ಟವಳು ನಾನು. ನನಗೇ ಉತ್ತರ ತೋಚದಿದ್ದರೆ ಹೇಗೆ? ಅದಕ್ಕೇ ಕೂತು ಬರೆಯುತ್ತಿದ್ದೇನೆ. ವಾಟ್ಸಾಪಿನಲ್ಲಿ ಹಾಕಿದರೆ ನೀನು ಒಂದು ಹೆಬ್ಬೆಟ್ಟು ಒತ್ತಿ ಮುಗಿಸುತ್ತೀಯ.

ಮೊದಲು ನಿನ್ನ ಸಿಟ್ಟಿಗೆ ಅರ್ಧ ಅಂಕ ಕೊಡುತ್ತೇನೆ. ಕಾಲೇಜಿನ ಒಳಗಿನವರಿಗೆ ಗೊತ್ತಿರುವ ಒಂದು ಮಾತಿದೆ. ಈ ಕಡ್ಡಾಯ ಪೇಪರುಗಳಿಗೆ ಮೇಷ್ಟ್ರನ್ನು ಹುಡುಕುವುದು ವಿಷಯ ನೋಡಿಯಲ್ಲ, ವರ್ಕ್‌ಲೋಡ್ ನೋಡಿ. ಯಾರ ಟೈಂಟೇಬಲ್ಲಿನಲ್ಲಿ ಗಂಟೆ ಕಮ್ಮಿ ಬಿದ್ದಿದೆಯೋ ಅವರ ತಲೆಗೆ. ಜೂನ್ ತಿಂಗಳಲ್ಲಿ ಪ್ರಿನ್ಸಿಪಾಲರ ಕೋಣೆಯಲ್ಲಿ ಸಭೆ, ಟೀ, ಬಿಸ್ಕತ್ತು. ಹೊರಗೆ ಬರುವಾಗ ಕೆಮಿಸ್ಟ್ರಿಯವಳಿಗೆ ಪರಿಸರ, ಇಂಗ್ಲಿಷಿನವರಿಗೆ ಸಂವಿಧಾನ. ಉಳಿದದ್ದೆಲ್ಲ ಅತಿಥಿ ಉಪನ್ಯಾಸಕರಿಗೆ. ನನಗೆ ಆ ಪೇಪರು ಮೊದಲು ಬಂದಾಗ ನಾನೂ ನಿನ್ನ ಹಾಗೆಯೇ ಮೂಗು ಮುರಿದಿದ್ದೆ. ನೂರಿಪ್ಪತ್ತು ಬಿ.ಕಾಂ. ಮಕ್ಕಳ ಕ್ಲಾಸು, ಊಟವಾದ ಮೇಲಿನ ಅವಧಿ, ಸೀಮೆಸುಣ್ಣ ಕೈಯಲ್ಲಿ ಹಿಡಿದು ಓಝೋನ್ ಪದರ ಬರೆಸುತ್ತಿದ್ದೆ. ಅವರು ಬರೆದುಕೊಳ್ಳುತ್ತಿದ್ದರು. ಹಿಂದಿನ ಬೆಂಚು ಬರೆದುಕೊಳ್ಳುತ್ತಲೂ ಇರಲಿಲ್ಲ.

ಆ ಪೇಪರು ಎಲ್ಲಿಂದ ಬಂತು ಅನ್ನುವುದೇ ನನಗೆ ಆಗ ಗೊತ್ತಿರಲಿಲ್ಲ. ವಕೀಲರಾದ ಎಂ.ಸಿ. ಮೆಹ್ತಾ ಹೂಡಿದ್ದ ದಾವೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕು ಎಂದು ನಿರ್ದೇಶನ ಕೊಟ್ಟಿತ್ತು. ವರ್ಷಗಳು ಉರುಳಿದರೂ ಯಾರೂ ಅಲ್ಲಾಡದೆ ಇದ್ದಾಗ 2003ರಲ್ಲಿ ಕೋರ್ಟೇ ಮತ್ತೆ ಬಿಸಿ ಮುಟ್ಟಿಸಿತು. ಯುಜಿಸಿ ಆರು ತಿಂಗಳ ಪಠ್ಯಕ್ರಮ ಹೊರಡಿಸಿತು, ಅದಕ್ಕೊಂದು ಪಠ್ಯಪುಸ್ತಕವನ್ನೂ ಬರೆಸಿತು. ಪುಸ್ತಕ ಬರೆದವರು ಎರಾಕ್ ಭರೂಚಾ ಅಂತ, ವೃತ್ತಿಯಿಂದ ಸರ್ಜನ್ನು! ಆಪರೇಷನ್ ಮಾಡುವ ಕೈ ಕಾಡಿನ ಬಗ್ಗೆ ಬರೆದಿರುವುದನ್ನು ನೋಡಿ ನನಗೆ ಒಂದಿಷ್ಟು ನಾಚಿಕೆಯಾಯಿತು. ಕೆಮಿಸ್ಟ್ರಿಯವಳು ನಾನು, ನನಗೇನು ದಾಡಿ?

ಆ ಪಠ್ಯಕ್ರಮದಲ್ಲಿ ನೂರು ಅಂಕಕ್ಕೆ ಇಪ್ಪತ್ತೈದನ್ನು ಹೊರಗೆ ಹೋಗಿ ನೋಡಿಬರುವುದಕ್ಕೆ ಅಂತಲೇ ಇಟ್ಟಿದ್ದರು. ಕೆರೆಯನ್ನೋ ಹೊಲವನ್ನೋ, ಕಸ ಸುರಿಯುವ ಜಾಗವನ್ನೋ ಕಣ್ಣಾರೆ ಕಂಡು ಬರೆಯಬೇಕು. ನಾವೇನು ಮಾಡಿದೆವು ಗೊತ್ತೇ? ಒಬ್ಬ ಹುಡುಗ ಬರೆದದ್ದನ್ನು ಇಡೀ ಕ್ಲಾಸು ನಕಲು ಮಾಡಿತು, ನಾನು ಸಹಿ ಹಾಕಿದೆ. ಒಂದೇ ಕೆರೆಯನ್ನು ನೂರಿಪ್ಪತ್ತು ಜನ ಒಂದೇ ಮಾತಿನಲ್ಲಿ ವರ್ಣಿಸಿದ್ದರು. ಆ ಕೆರೆ ನಮ್ಮ ತಾಲ್ಲೂಕಿನಲ್ಲೇ ಇರಲಿಲ್ಲ.

ಇದು ಹೀಗೇ ಸಾಗುತ್ತಿತ್ತೇನೋ. ನಾನು ನಿವೃತ್ತಳಾಗುವುದಕ್ಕೆ ಎರಡು ಮೂರು ವರ್ಷ ಮುಂಚೆ ಪಾವಗಡದ ಕಡೆಯ ಒಬ್ಬ ಹುಡುಗ ಬಂದ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಹಲ್ಲಿನ ಮೇಲೆ ಕಂದು ಗೆರೆಗಳು. ನೀರಿನ ಮಾಲಿನ್ಯದ ಪಾಠ ನಡೆಯುವಾಗ ನಾನು ಎಂದಿನಂತೆ ಫ್ಲೋರೈಡ್ ಬಗ್ಗೆ ಎರಡು ಸಾಲು ಬರೆಸಿ ಮುಂದಕ್ಕೆ ಹೋದೆ. ಕ್ಲಾಸು ಬಿಟ್ಟ ಮೇಲೆ ಬಂದು ಕೇಳಿದ, "ಮ್ಯಾಡಂ, ನಮ್ಮೂರ ಬೋರಿನ ನೀರು ತಂದರೆ ನೋಡ್ತೀರಾ?" ಮುಂದಿನ ಸೋಮವಾರ ಬ್ಯಾಗಿನಲ್ಲಿ ಎರಡು ಬಾಟಲಿ. ಒಂದು ಬೋರಿನದು, ಇನ್ನೊಂದು ಪಂಚಾಯ್ತಿಯವರು ಹಾಕಿಸಿದ ಶುದ್ಧ ಕುಡಿಯುವ ನೀರಿನ ಘಟಕದ್ದು. ನೀರು ಸರಬರಾಜಿನವರ ಹತ್ತಿರ ಸಿಗುವ ಕಿಟ್ ಒಂದನ್ನು ಕೇಳಿ ತರಿಸಿದೆ. ನಾಲ್ಕು ಹನಿ ಹಾಕಿ, ಬಂದ ಬಣ್ಣವನ್ನು ಪಟ್ಟಿಗೆ ಹಿಡಿದು ನೋಡುವಂಥದು; ನಸುಗೆಂಪು ಹಳದಿಗೆ ತಿರುಗಿದಷ್ಟೂ ಫ್ಲೋರೈಡು ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುವುದು ನಿಯಮ. ಬೋರಿನ ನೀರು ಹಳದಿಗೆ ಹೋಗಿ ನಿಂತಿತು. ಆ ಹುಡುಗ ಏನೂ ಮಾತಾಡಲಿಲ್ಲ. ಪಟ್ಟಿಯನ್ನು ಇನ್ನೊಂದು ಸಲ ಹಿಡಿದು ನೋಡಿದ, ಅಷ್ಟೆ.

ನಿಜವಾದ ಪಾಠ ಶುರುವಾದದ್ದು ಆಮೇಲೆ, ಅದನ್ನು ಮಾಡಿದವನು ಅವನೇ. ಬಿ.ಕಾಂ. ಹುಡುಗನಲ್ಲವೇ, ಅವನ ತಲೆ ಲೆಕ್ಕದ ಕಡೆ ಓಡಿತು. ಘಟಕದಲ್ಲಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತದೆ. ದಿನಕ್ಕೆ ಎಷ್ಟು ಕ್ಯಾನು, ಕರೆಂಟಿಗೆ ಎಷ್ಟು, ಒಳಗಿನ ಮೆಂಬ್ರೇನ್ ಹಾಳಾದರೆ ಬದಲಾಯಿಸಲು ಎಷ್ಟು, ಶುದ್ಧವಾಗುವಾಗ ಚರಂಡಿಗೆ ಹರಿದುಹೋಗುವ ನೀರು ಎಷ್ಟು ಅಂತ ಎರಡು ತಿಂಗಳು ಕೂತು ಬರೆದ. ಘಟಕ ಯಾಕೆ ಪದೇ ಪದೇ ಬಾಗಿಲು ಹಾಕುತ್ತದೆ ಅನ್ನುವುದು ಅವನ ಲೆಜರಿನ ಹಾಳೆಯಲ್ಲಿ ಕಾಣಿಸಿತು. ಬರುವ ನಾಣ್ಯದಲ್ಲಿ ಮೆಂಬ್ರೇನ್ ಬದಲಾಯಿಸುವ ದುಡ್ಡು ಹುಟ್ಟುತ್ತಿರಲಿಲ್ಲ. ಕೆಮಿಸ್ಟ್ರಿ ಓದಿದ ನನಗೆ ಅದು ಹೊಳೆಯುತ್ತಿರಲಿಲ್ಲ. ನೀರು ಪರೀಕ್ಷೆ ಮಾಡುವುದು ಅವನಿಗೆ ಹೊಳೆಯುತ್ತಿರಲಿಲ್ಲ. ಇಬ್ಬರನ್ನೂ ಒಂದೇ ಬೆಂಚಿಗೆ ತಂದು ಕೂರಿಸಿದ್ದು ಆ ಹಾಳು ಎರಡು ಕ್ರೆಡಿಟ್ಟಿನ ಪೇಪರು. ಘಟಕ ಆಮೇಲೂ ಸರಿಹೋಗಲಿಲ್ಲ, ಅದು ಬೇರೆ ಮಾತು.

ನಿನ್ನ ಡಿಪಾರ್ಟ್‌ಮೆಂಟಿನ ಪಾಠ ನಿನ್ನನ್ನು ಹುಡುಕಿಕೊಂಡು ಬರುತ್ತದೆ ಪುಟ್ಟೀ, ಬಿಡು. ಈ ಹೊರಗಿನ ಪೇಪರಿಗೆ ಮಾತ್ರ ನೀನೇ ನಿನ್ನ ಊರಿನಿಂದ ಒಂದು ಬಾಟಲಿ ಹೊತ್ತು ತರಬೇಕು. ತಂದರೆ ಅದು ಪಾಠ, ತರದಿದ್ದರೆ ಬರೀ ನೋಟ್ಸು.

ಸಂವಿಧಾನದ ಪೇಪರಿಗೂ ಇದೇ ಮಾತು. ಗೈಡು ಕೊಂಡು ಮೂಲಭೂತ ಹಕ್ಕು ಆರು, ಮೂಲಭೂತ ಕರ್ತವ್ಯ ಹನ್ನೊಂದು ಅಂತ ಉರು ಹೊಡೆದರೆ ಪಾಸಾಗುತ್ತೀಯ, ತಕರಾರಿಲ್ಲ. ಆದರೆ ನಿನ್ನ ರೂಂಮೇಟ್ ರಾಯಚೂರಿನವಳು ಅಂದೆಯಲ್ಲ, ಅವಳ ಸರ್ಟಿಫಿಕೇಟುಗಳ ಫೈಲಿನಲ್ಲಿ 371ಜೆ ಅಂತ ಒಂದು ಕಾಗದ ಇರಬಹುದು, ಕೇಳಿ ನೋಡು. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ವಿಧಿ ಅದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಈಗ ವಿಜಯನಗರವೂ ಸೇರಿ ಏಳು ಜಿಲ್ಲೆಯವರಿಗೆ ಸೀಟಿನಲ್ಲಿ, ನೌಕರಿಯಲ್ಲಿ ಮೀಸಲು ಪಾಲು ಕೊಟ್ಟಿದೆ. ಆ ಭಾಗಕ್ಕೆ ಅದು ಯಾಕೆ ಬೇಕಾಯಿತು, ನಿಜಾಮನ ಆಳ್ವಿಕೆಯಲ್ಲಿದ್ದ ನಾಡಿಗೂ ಮೈಸೂರಿನ ದೊರೆಗಳ ಕೆಳಗಿದ್ದ ನಾಡಿಗೂ ಶಾಲೆ ಕಾಲೇಜುಗಳಲ್ಲಿ ಎಷ್ಟು ಅಂತರ ಇತ್ತು ಅಂತ ಅವಳ ಬಾಯಲ್ಲೇ ಕೇಳು. ಜಗಳ ಆದರೂ ಆಗಲಿ. ಒಂದು ಸಂಜೆಯ ಜಗಳ ಹದಿನೈದು ಪುಟದ ಗೈಡಿಗಿಂತ ಜಾಸ್ತಿ ಕಲಿಸುತ್ತದೆ.

ಕಂಪ್ಯೂಟರಿನವಳಿಗೆ ಅದೆಲ್ಲ ಯಾಕೆ ಅಂತ ಮತ್ತೆ ಕೇಳಬೇಡ. ಆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರೇ ಇದಕ್ಕೆ ಸಾಕ್ಷಿ. ಅಂಬೇಡ್ಕರ್ 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿದರು. ಮುಖ್ಯ ವಿಷಯ ಅರ್ಥಶಾಸ್ತ್ರ, ಅದರಲ್ಲೇ ಇಪ್ಪತ್ತೊಂಬತ್ತು ಕೋರ್ಸು. ಅಷ್ಟಕ್ಕೇ ನಿಲ್ಲದೆ ಇತಿಹಾಸದಲ್ಲಿ ಹನ್ನೊಂದು, ಸಮಾಜಶಾಸ್ತ್ರದಲ್ಲಿ ಆರು, ತತ್ವಶಾಸ್ತ್ರದಲ್ಲಿ ಐದು, ಮಾನವಶಾಸ್ತ್ರದಲ್ಲಿ ನಾಲ್ಕು, ಸಾಲದ್ದಕ್ಕೆ ಫ್ರೆಂಚು ಜರ್ಮನ್ ಬೇರೆ. ಕಲಿಯುವ ಹಸಿವು ಅಷ್ಟಿತ್ತು. 1916ರ ಮೇ ತಿಂಗಳಲ್ಲಿ ಜಾತಿ ಹುಟ್ಟಿದ ಬಗೆಯನ್ನು ಕುರಿತು ಓದಿದ ಪ್ರಬಂಧ ಅರ್ಥಶಾಸ್ತ್ರದ ಕ್ಲಾಸಿನಲ್ಲಿ ಹುಟ್ಟಿದ್ದಲ್ಲ, ಗೋಲ್ಡನ್‌ವೈಸರ್ ಎನ್ನುವವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಹುಟ್ಟಿದ್ದು. ಆ ನಾಲ್ಕು ಹೊರಗಿನ ಕೋರ್ಸು ಇಲ್ಲದಿದ್ದರೆ ಅದು ಯಾವ ಕ್ಲಾಸಿನಲ್ಲಿ ಹುಟ್ಟುತ್ತಿತ್ತು ಹೇಳು.

ನಮ್ಮಲ್ಲಿ ಡಿಗ್ರಿಗೆ ಇಂಥ ಸಾಮಾನ್ಯ ಶಿಕ್ಷಣ ಬೇಕು ಎನ್ನುವ ಮಾತೂ ಇಂದಿನದಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ ನೇಮಕವಾದ ರಾಧಾಕೃಷ್ಣನ್ ಆಯೋಗ 1949ರ ವರದಿಯಲ್ಲಿ ಅದನ್ನು ಒತ್ತಿ ಹೇಳಿತು. ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1918ರಿಂದ ಮೂರು ವರ್ಷ ತತ್ವಶಾಸ್ತ್ರ ಹೇಳಿಕೊಟ್ಟಿದ್ದ ರಾಧಾಕೃಷ್ಣನ್ ಅವರೇ. ಇನ್ನು ನಿನ್ನ ಚಿಕ್ಕಪ್ಪನ ಮಗ ಕ್ಯಾಲಿಫೋರ್ನಿಯಾದ ಸ್ಟೇಟ್ ಯೂನಿವರ್ಸಿಟಿಯಲ್ಲಿ ಇಂಜಿನಿಯರಿಂಗ್ ಓದಲು ಹೋಗಿ ಇದೇ ರಾಗ ಹಾಡಿದ್ದ. ಅಲ್ಲಿ ಡಿಗ್ರಿ ಕೈಗೆ ಬರಬೇಕಾದರೆ ಅಮೆರಿಕದ ಇತಿಹಾಸ, ಅಮೆರಿಕದ ಸಂವಿಧಾನ, ಕ್ಯಾಲಿಫೋರ್ನಿಯಾದ ರಾಜ್ಯ ಸರ್ಕಾರ ಮತ್ತು ಸ್ಥಳೀಯ ಸರ್ಕಾರ ಇಷ್ಟನ್ನೂ ಓದಲೇಬೇಕು. ಇಲ್ಲಿ ಗ್ರಾಮ ಪಂಚಾಯ್ತಿ ಯಾವ ತಿದ್ದುಪಡಿಯದು ಅಂತ ಗೊತ್ತಿಲ್ಲದ ಹುಡುಗ ಅಲ್ಲಿಯ ಕೌಂಟಿ ಬಗ್ಗೆ ಪರೀಕ್ಷೆ ಬರೆದ!

ಈಗ ವ್ಯವಹಾರದ ಮಾತು, ಚೂರು ಗಮನವಿಟ್ಟು ಓದು. ನಿಮ್ಮಕ್ಕ ಸೇರಿದ 2021 ನಮ್ಮ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿ ಜಾರಿಗೆ ಬಂದ ವರ್ಷ. ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲುಯೆನ್ಸಿ, ಯೋಗ ಅಂತ ಅವಳ ಪಟ್ಟಿಯೇ ಬೇರೆ. 2024-25ರಿಂದ ಸರ್ಕಾರ ಆ ನಾಲ್ಕು ವರ್ಷದ ದಾರಿ ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು, ಪಟ್ಟಿ ಮತ್ತೆ ಬದಲಾಯಿತು. ಅದಕ್ಕೇ ಅಕ್ಕನ ಮಾತು, ಸೀನಿಯರ್‌ಗಳ ಮಾತು ನಂಬಿ ಕೂರಬೇಡ. ನಿನ್ನ ಬ್ಯಾಚಿಗೆ ಅಂತ ವಿಶ್ವವಿದ್ಯಾಲಯ ಹೊರಡಿಸಿದ ಪಠ್ಯಕ್ರಮದ ಪ್ರತಿಯನ್ನು ಇಳಿಸಿಕೊಂಡು, ಯಾವ ಸೆಮಿಸ್ಟರಿಗೆ ಯಾವ ಪೇಪರು, ಎಷ್ಟು ಕ್ರೆಡಿಟ್ಟು ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸು. ಎರಡು ಕ್ರೆಡಿಟ್ಟು ತಾನೇ ಅಂತ ಇಂಟರ್ನಲ್ಸ್ ತಪ್ಪಿಸಿಕೊಂಡು, ಅಟೆಂಡೆನ್ಸ್ ಕಮ್ಮಿ ಮಾಡಿಕೊಂಡು, ಕೊನೆಯ ಸೆಮಿಸ್ಟರಿನಲ್ಲಿ ಆ ಒಂದು ಪೇಪರಿನಿಂದಲೇ ಮಾರ್ಕ್ಸ್ ಕಾರ್ಡು ಸಿಕ್ಕಿಹಾಕಿಕೊಂಡು ನನ್ನ ಮೇಜಿನ ಮುಂದೆ ಅತ್ತ ಮಕ್ಕಳನ್ನು ನಾನು ಕಂಡಿದ್ದೇನೆ. ಮೇಜರ್ ವಿಷಯಗಳಲ್ಲಿ ಡಿಸ್ಟಿಂಕ್ಷನ್ ಇದ್ದವರು ಅವರು.

ಆಯ್ಕೆ ಮಾಡುವ ಪೇಪರು ಬಂದಾಗ ನಿಮ್ಮಮ್ಮ ಏನು ಹೇಳುತ್ತಾಳೆ ಅಂತ ನನಗೆ ಗೊತ್ತು. "ಸ್ಕೋರಿಂಗ್ ಆಗಿರೋದು ತಗೋ" ಅಂತಾಳೆ. ನನ್ನ ತಂಗಿ, ಚಿಕ್ಕಂದಿನಿಂದ ಹಾಗೆಯೇ. ಸಂತೆಯಲ್ಲೂ ತೂಕ ಜಾಸ್ತಿ ಬರುವ ಬದನೆಕಾಯಿಯನ್ನೇ ಆರಿಸುತ್ತಿದ್ದಳು, ಮನೆಗೆ ತಂದರೆ ಬರೀ ಬೀಜ. ನೀನು ಸೀನಿಯರ್‌ಗಳ ಹತ್ತಿರ ಹೋದರೆ ಯಾವ ಪೇಪರು ಸುಲಭ ಅಂತ ಕೇಳಬೇಡ, ಯಾವ ಮೇಷ್ಟ್ರ ಕ್ಲಾಸಿಗೆ ಅಟೆಂಡೆನ್ಸ್ ಇಲ್ಲದಿದ್ದರೂ ಹೋಗ್ತೀರಿ ಅಂತ ಕೇಳು. ಅವರು ಹೇಳುವ ಹೆಸರು ಸಾಮಾನ್ಯವಾಗಿ ಒಂದೇ ಆಗಿರುತ್ತದೆ. ಅವರು ಇತಿಹಾಸ ಹೇಳಲಿ, ಮನಃಶಾಸ್ತ್ರ ಹೇಳಲಿ, ಅಲ್ಲಿ ಹೋಗಿ ಕೂರು. ಆಯ್ಕೆ ಅನ್ನುವುದು ಎಷ್ಟೋ ಕಡೆ ಹೆಸರಿಗಷ್ಟೇ. ಕಾಲೇಜಿನಲ್ಲಿ ಇರುವ ಮೇಷ್ಟ್ರಿಗೆ ತಕ್ಕಂತೆ ಎರಡು ಮೂರು ಪೇಪರು ಇಟ್ಟಿರುತ್ತಾರೆ, ಮೊದಲು ಬಂದವರಿಗೆ ಸೀಟು. ಬೇಕಾದ್ದು ಇಲ್ಲದಿದ್ದರೆ ಒಬ್ಬಳೇ ಹೋಗಿ ಕೇಳಬೇಡ, ಇಪ್ಪತ್ತು ಜನ ಸಹಿ ಹಾಕಿದ ಅರ್ಜಿ ಹಿಡಿದು ಹೋಗು. ಒಂದು ಪೇಪರು ತೆರೆದರೆ ಯಾರೋ ಒಬ್ಬರ ವರ್ಕ್‌ಲೋಡ್ ತುಂಬುತ್ತದೆ ಅಂತ ಗೊತ್ತಾದರೆ ಎಚ್.ಓ.ಡಿ.ಗಳು ಕರಗುವುದುಂಟು.

ಕನ್ನಡ ಪೇಪರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದರೆ ಭಾಷಣವಾಗುತ್ತದೆ. ಒಂದು ಸಲವಾದರೂ ಉತ್ತರವನ್ನು ನೋಟ್ಸು ನೋಡದೆ ನಿನ್ನ ಮಾತಿನಲ್ಲಿ ಬರೆದು ನೋಡು. ವಿಜ್ಞಾನದವರಿಗೂ ಅದು ಒಗ್ಗುತ್ತದೆ. ಸಸ್ಯಶಾಸ್ತ್ರ ಓದಿದ ಬಿ.ಜಿ.ಎಲ್. ಸ್ವಾಮಿ ಬರೆದ ಹಸುರು ಹೊನ್ನು ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತಿದ ಕತೆ ಅದು. ನಗುತ್ತಾ ಓದಿಸಿಕೊಳ್ಳುತ್ತದೆ, ಲೈಬ್ರರಿಯಲ್ಲಿ ಸಿಗುತ್ತದೆ. ಕಂಪ್ಯೂಟರ್ ಬಗ್ಗೆ ಅಂಥ ಪುಸ್ತಕ ಕನ್ನಡದಲ್ಲಿ ಬಂದರೆ ನನಗೂ ಓದುವ ಆಸೆ, ನಿನ್ನ ಪ್ರೋಗ್ರಾಂ ಯಾಕೆ ಕೆಟ್ಟು ನಿಲ್ಲುತ್ತದೆ ಅಂತ ಈ ವಯಸ್ಸಿನಲ್ಲಾದರೂ ತಿಳಿದೇನು.

ಗೌರಿ ಹಬ್ಬಕ್ಕೆ ಬರುತ್ತೀಯಲ್ಲ. ಬರುವಾಗ ಹಾಸ್ಟೆಲಿನ ಕುಡಿಯುವ ನೀರು ಒಂದು ಬಾಟಲಿ ತಗೊಂಡು ಬಾ. ಗಾಜಿನದು ಬೇಡ, ಪ್ಲಾಸ್ಟಿಕ್ಕಿನದೇ ಆಗಲಿ. ನಲ್ಲಿಯನ್ನು ಎರಡು ನಿಮಿಷ ಬಿಟ್ಟು, ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ಜಾಲಾಡಿಸಿ, ಆಮೇಲೆ ತುಂಬಿಸಿ ಬಿಗಿಯಾಗಿ ಮುಚ್ಚಳ ಹಾಕು. ಮೇಲೆ ತಾರೀಕು ಬರೆ. ಕಾವೇರಿಯದೋ, ಬೋರಿನದೋ, ಟ್ಯಾಂಕರಿನದೋ ಅಂತ ವಾರ್ಡನ್ನನ್ನು ಕೇಳಿ ಅದನ್ನೂ ಬರೆ. ಹಳೆಯ ಕಿಟ್ಟಿನ ಅವಧಿ ಮುಗಿದಿದೆ, ಹೊಸದು ತರಿಸಿಟ್ಟಿರುತ್ತೇನೆ.

ನಿನ್ನ
ದೊಡ್ಡಮ್ಮ