ಚೇಣಿಗೆ ಕೊಟ್ಟ ಹೆದ್ದಾರಿ

ಪ್ರಶ್ನೆ: ಮಗಳು ಧಾರವಾಡದಲ್ಲಿ ಓದುತ್ತಿದ್ದಾಗ ವರ್ಷಕ್ಕೆ ನಾಲ್ಕೈದು ಸಲ ಅಲ್ಲಿಗೆ ಹೋಗಿಬರುತ್ತಿದ್ದೆವು. ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆ ತಿರುಗಿದರೂ ಟೋಲ್, ಹುಬ್ಬಳ್ಳಿಯ ಕಡೆ ತಿರುಗಿದರೂ ಟೋಲ್. ಈ ದುಡ್ಡು ಸೇರುವುದು ಸರ್ಕಾರಕ್ಕೋ, ಕಂಪನಿಗೋ? ಅಷ್ಟು ವರ್ಷ ಟೋಲ್ ಎತ್ತಿದರೂ ಹುಬ್ಬಳ್ಳಿ–ಧಾರವಾಡ ಬೈಪಾಸನ್ನು ಅಗಲ ಮಾಡದೆ ಬಿಟ್ಟಿದ್ದೇಕೆ?
— ಓದುಗರೊಬ್ಬರು, ಉಬ್ರಾಣಿ, ಚನ್ನಗಿರಿ ತಾಲ್ಲೂಕು

ಉತ್ತರ: ನಿಮ್ಮದು ಅಡಿಕೆ ಸೀಮೆ. ಚೇಣಿ ಎಂದರೇನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ: ತೋಟ ನಿಮ್ಮದು, ಫಸಲು ಚೇಣಿದಾರರದು. ಖಾಸಗಿ ಸಹಭಾಗಿತ್ವದ ಟೋಲ್ ರಸ್ತೆಯೂ ಹೆಚ್ಚುಕಡಿಮೆ ಹೀಗೆಯೇ. ಒಂದೇ ವ್ಯತ್ಯಾಸವೆಂದರೆ, ಸರ್ಕಾರ ಕೊಡುವುದು ಫಲ ಬಿಟ್ಟ ತೋಟವನ್ನಲ್ಲ, ನೆಲವನ್ನು. ಕಂಪನಿ ಸಾಲ ತಂದು ರಸ್ತೆ ಮಾಡುತ್ತದೆ, ಇಷ್ಟು ವರ್ಷವೆಂದು ಟೋಲ್ ಎತ್ತಿ ಸಾಲ ತೀರಿಸಿ ಲಾಭ ಕಾಣುತ್ತದೆ, ಗಡುವು ಮುಗಿದಾಗ ರಸ್ತೆಯನ್ನು ಮರಳಿ ಒಪ್ಪಿಸುತ್ತದೆ. ಇದೇ ಬಿಒಟಿ ಪದ್ಧತಿ.

ದುಡ್ಡು ಯಾರಿಗೆ ಎಂಬುದಕ್ಕೆ ಇಡೀ ಹೆದ್ದಾರಿಗೆ ಒಂದೇ ಉತ್ತರವಿಲ್ಲ. ತುಮಕೂರು–ಚಿತ್ರದುರ್ಗ ನಡುವಿನ 114 ಕಿ.ಮೀ. ಷಟ್ಪಥವಾದದ್ದು ಬಿಒಟಿಯಲ್ಲಿ. ಐಆರ್‌ಬಿ ಕಂಪನಿಗೆ 2011ರಿಂದ 26 ವರ್ಷದ ಗುತ್ತಿಗೆ. ಅಲ್ಲಿ ಟೋಲ್ ಕಂಪನಿಗೆ. ಅದಕ್ಕೆ ಬದಲಾಗಿ ಕಂಪನಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರಕ್ಕೆ ವರ್ಷವರ್ಷ ಏರುವ ಪ್ರೀಮಿಯಂ ಕಟ್ಟಬೇಕು. ಅದೇ ಹೆದ್ದಾರಿಯಲ್ಲಿ ಚಿತ್ರದುರ್ಗ ದಾಟಿ ದಾವಣಗೆರೆಯತ್ತ ಬಂದರೆ ಲೆಕ್ಕ ತಿರುವುಮುರುವಾಗುತ್ತದೆ. ಆ ಭಾಗ ಅಗಲವಾದದ್ದು 2016ರಲ್ಲಿ ಜಾರಿಗೆ ಬಂದ ‘ಹ್ಯಾಮ್’ ಎಂಬ ಮಿಶ್ರ ಪದ್ಧತಿಯಲ್ಲಿ. ಇದರಲ್ಲಿ ಕೆಲಸ ನಡೆಯುವಾಗಲೇ ಸರ್ಕಾರ ಶೇ 40ರಷ್ಟು ಹಣ ಕೊಡುತ್ತದೆ. ಉಳಿದದ್ದನ್ನು ಕಂಪನಿ ಹೊಂದಿಸಿಕೊಂಡು, ಆಮೇಲೆ 15 ವರ್ಷ ಆರಾರು ತಿಂಗಳಿಗೊಮ್ಮೆ ಬಡ್ಡಿಸಮೇತ ಕಂತಿನಲ್ಲಿ ಪಡೆಯುತ್ತದೆ. ಟೋಲ್ ಮಾತ್ರ ಪ್ರಾಧಿಕಾರಕ್ಕೆ. ವಾಹನ ಕಡಿಮೆ ಬಂದರೆ ಬಿಒಟಿಯಲ್ಲಿ ನಷ್ಟ ಕಂಪನಿಯದು, ಹ್ಯಾಮ್‌ನಲ್ಲಿ ಸರ್ಕಾರದ್ದು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಗಬ್ಬೂರಿನಿಂದ ನರೇಂದ್ರದವರೆಗಿನ, ಸುಮಾರು 30 ಕಿ.ಮೀ. ಉದ್ದದ ಈ ಬೈಪಾಸ್ ತೊಂಬತ್ತರ ದಶಕದ ಕೊನೆಯ ಬಿಒಟಿ ಒಪ್ಪಂದದ ಕೂಸು. ಕಟ್ಟಿದ್ದು ನಂದಿ ಹೈವೇ ಡೆವಲಪರ್ಸ್, ಗಡುವು 25 ವರ್ಷ, ಅಗಲ ಎರಡು ಪಥ. ಆ ಕಾಲದ ವಾಹನಕ್ಕೆ ಅದು ಸಾಕಿತ್ತು. ಮುಂದೆ ಸುವರ್ಣ ಚತುಷ್ಪಥ ಯೋಜನೆಯಲ್ಲಿ ಅತ್ತಲೂ ಇತ್ತಲೂ ಹೆದ್ದಾರಿ ನಾಲ್ಕು ಪಥವಾಯಿತು. ನಡುವಿನ ಬೈಪಾಸ್ ಮಾತ್ರ ಹಾಗೇ ಉಳಿಯಿತು. ನಾಲ್ಕು ಪಥದ ಓಟದಲ್ಲಿ ಬಂದ ಲಾರಿ, ಬಸ್ಸುಗಳೆಲ್ಲ ನಡುವೆ ವಿಭಜಕವೇ ಇಲ್ಲದ ಎರಡು ಪಥಕ್ಕೆ ನುಗ್ಗತೊಡಗಿದವು. ಒಂದನ್ನು ಹಿಂದಿಕ್ಕಬೇಕೆಂದರೆ ಎದುರಿನ ವಾಹನದ ಹಾದಿಗೇ ಇಳಿಯಬೇಕು. ಗುತ್ತಿಗೆ ಜಾರಿಯಲ್ಲಿರುವಾಗ ಬೇರೆಯವರು ಕೈಹಾಕುವಂತಿಲ್ಲ. ಅಗಲಿಸುವವರು ಯಾರು, ಖರ್ಚು ಯಾರದು ಎಂಬ ಚರ್ಚೆಯಲ್ಲೇ ವರ್ಷಗಳು ಉರುಳಿದವು.

2021ರ ಜನವರಿ 15, ಸಂಕ್ರಾಂತಿಯ ಮರುದಿನ. ನಮ್ಮ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಶಾಲಾ ಗೆಳತಿಯರ ಟೆಂಪೊ ಟ್ರಾವೆಲರ್‌ಗೂ ಟಿಪ್ಪರಿಗೂ ಇಟಿಗಟ್ಟಿ ಬಳಿ ಇದೇ ಬೈಪಾಸಿನಲ್ಲಿ ಡಿಕ್ಕಿಯಾಯಿತು. ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಕುಟುಂಬದವರು, ಉಳಿದ ಗೆಳತಿಯರು ದುಃಖವನ್ನು ಹೊತ್ತುಕೊಂಡೇ ಅದೇ ಜಾಗಕ್ಕೆ ಹೋಗಿ, ರಸ್ತೆ ಅಗಲಿಸಿ ಎಂದು ಬೇಡಿಕೆ ಇಟ್ಟರು. ಷಟ್ಪಥದ ಕೆಲಸಕ್ಕೆ ಚಾಲನೆ ಸಿಕ್ಕಿದ್ದು ಅದರ ಮರುವರ್ಷ. ಅಷ್ಟು ಹೊತ್ತಿಗೆ ಗುತ್ತಿಗೆಯ ಗಡುವೂ ಮುಗಿಯುತ್ತ ಬಂದಿತ್ತು.

ಹಾಗೆಂದು ಸಹಭಾಗಿತ್ವವೇ ತಪ್ಪೆನ್ನಲಾರೆ. ಸರ್ಕಾರದ ಬಳಿ ಹಣವಿಲ್ಲದ ಕಾಲದಲ್ಲಿ ಎಷ್ಟೋ ಊರುಗಳಿಗೆ ಒಳ್ಳೆಯ ರಸ್ತೆ ಬಂದದ್ದು ಇದರಿಂದಲೇ. ತಪ್ಪು ನುಸುಳುವುದು ಒಪ್ಪಂದದ ಸಾಲುಗಳಲ್ಲಿ. ದೆಹಲಿ–ನೋಯ್ಡಾ ನಡುವೆ 2001ರಲ್ಲಿ ತೆರೆದ ಡಿಎನ್‌ಡಿ ಸೇತುವೆ ರಸ್ತೆಯನ್ನೇ ನೋಡಿ. ಕಂಪನಿಗೆ ವರ್ಷಕ್ಕೆ ಶೇ 20 ಆದಾಯದ ಖಾತರಿ ಬರೆದುಕೊಟ್ಟಿದ್ದರು. ಕಡಿಮೆ ಬಿದ್ದದ್ದನ್ನೆಲ್ಲ ಯೋಜನಾ ವೆಚ್ಚಕ್ಕೇ ಸೇರಿಸುತ್ತ ಹೋದದ್ದರಿಂದ, ಟೋಲ್ ಕಟ್ಟಿದಷ್ಟೂ ಬಾಕಿ ಬೆಳೆಯಿತು. ಅಲಹಾಬಾದ್ ಹೈಕೋರ್ಟ್ 2016ರಲ್ಲಿ ಅಲ್ಲಿ ಟೋಲ್ ನಿಲ್ಲಿಸಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಇಂಥ ಪಾಠಗಳಿಂದ ಒಪ್ಪಂದ ಬರೆಯುವ ರೀತಿಯೂ ಸುಧಾರಿಸಿದೆ. ಹೆದ್ದಾರಿಗಳ ಮಾದರಿ ಬಿಒಟಿ ಒಪ್ಪಂದದಲ್ಲಿ ಗೊತ್ತಾದ ದಿನಕ್ಕೆ ಇಷ್ಟು ವಾಹನ ಎಂಬ ಅಂದಾಜು ಮೊದಲೇ ಇರುತ್ತದೆ. ಅದಕ್ಕಿಂತ ಕಡಿಮೆ ಬಂದರೆ ಗಡುವು ಬೆಳೆಯುತ್ತದೆ, ಹೆಚ್ಚು ಬಂದರೆ ಕುಗ್ಗುತ್ತದೆ.

ಒಂದು ಮಾತು ನೆನಪಿರಲಿ: ಗುತ್ತಿಗೆ ಮುಗಿದರೆ ಟೋಲ್ ನಿಂತೇಹೋಗುತ್ತದೆ ಎಂದೇನಿಲ್ಲ. ರಸ್ತೆ ಮರಳಿ ಬಂದ ಮೇಲೆ ಸರ್ಕಾರವೇ ವಸೂಲಿ ಮುಂದುವರಿಸಬಹುದು. ನೀವು ಸ್ವಂತ ಕಾರಿನವರಾದರೆ, 24 ಗಂಟೆಯೊಳಗೆ ಹಿಂತಿರುಗಿದಾಗ ಎರಡೂ ಸಲಕ್ಕೆ ಸೇರಿ ಒಂದೂವರೆ ಪಟ್ಟು ಮಾತ್ರ ತಗಲುತ್ತದೆ. 2025ರ ಆಗಸ್ಟ್ 15ರಿಂದ ವಾರ್ಷಿಕ ಪಾಸೂ ಇದೆ; ಶುರುವಾದಾಗ ಅದರ ದರ 3,000 ರೂಪಾಯಿ ಇತ್ತು.

ತೋಟವನ್ನು ಚೇಣಿಗೆ ಕೊಡುವಾಗ ದರದ ಮಾತಾದ ಮೇಲೂ ನೀವು ಸುಮ್ಮನಿರುವುದಿಲ್ಲ. ಬೇಸಿಗೆಯಲ್ಲಿ ನೀರು ಬಿಡುವವರು ಯಾರೆಂದು ಕೇಳಿಯೇ ಕೇಳುತ್ತೀರಿ. ನಾಳೆ ನಿಮ್ಮ ಸೀಮೆಗೆ ಟೋಲ್ ರಸ್ತೆ ಬರುತ್ತದೆಂದರೆ, ಸಭೆಯಲ್ಲಿ ಅದೇ ಜಾಣತನದಿಂದ ಎದ್ದು ಕೇಳಿ: ವಾಹನ ಎರಡು ಪಟ್ಟಾದ ದಿನ ಈ ರಸ್ತೆಯನ್ನು ಅಗಲ ಮಾಡುವವರು ಯಾರು? ಆ ಉತ್ತರ ಒಪ್ಪಂದದಲ್ಲಿ ಬರೆದಿರಲಿ. ಇಟಿಗಟ್ಟಿಯಲ್ಲಿ ಮಡಿದ ನಮ್ಮ ಹೆಣ್ಣುಮಕ್ಕಳಿಗೆ ನಾವು ಅಷ್ಟಾದರೂ ಋಣಿಗಳು.