ಮೂಗಿನ ತುದಿಗೆ ಕಟ್ಟಿದ ಚಿತ್ತ: ಸಮಾಧಿ, ಸತಿ ಮತ್ತು ಸೂಕ್ ವಾಕಿಫ್‌ನ ಒಂದು ಸಂಜೆ

ಬೌದ್ಧ ಧ್ಯಾನದಲ್ಲಿ ಸಮಾಧಿ ಎಂದರೆ ಚಿತ್ತವು ಒಂದೇ ಆಲಂಬನದಲ್ಲಿ ನೆಲೆನಿಲ್ಲುವುದು. ಸತಿ ಎಂದರೆ ಆಗುತ್ತಿರುವುದನ್ನು ಮರೆಯದೆ ಅರಿಯುತ್ತಿರುವ ಎಚ್ಚರ. ಅಷ್ಟಾಂಗಿಕ ಮಾರ್ಗದಲ್ಲಿ ಸಮ್ಮಾ ಸತಿ ಏಳನೆಯದಾಗಿಯೂ ಸಮ್ಮಾ ಸಮಾಧಿ ಎಂಟನೆಯದಾಗಿಯೂ ಬರುವುದರಿಂದ, ಕೊನೆಯದೇ ದೊಡ್ಡದು, ಅದೊಂದು ಗಟ್ಟಿಯಾದರೆ ಎಚ್ಚರ ತಾನಾಗಿ ಹಿಂಬಾಲಿಸುತ್ತದೆ ಎಂಬ ನಂಬಿಕೆ ಕೆಲವು ಸಾಧಕರಲ್ಲಿದೆ. ದೋಹಾದಲ್ಲಿ ನೆಲೆಸಿರುವ ಪ್ರಸ್ತುತ ಲೇಖಕನಿಗೆ ಈ ನಂಬಿಕೆಯನ್ನು ಉಪದೇಶಿಸಿದವರು ಅವನ ಅಕ್ಕನ ಗಂಡ, ಮತ್ತು ಮುಂದೆ ನಡೆದುದರ ಹೊಣೆಯಲ್ಲಿ ಹೆಚ್ಚಿನ ಪಾಲು ಅವರಿಗೇ ಸಲ್ಲಬೇಕು.

ಗೋಯಂಕಾ ಪರಂಪರೆಯ ಹತ್ತು ದಿನಗಳ ಶಿಬಿರದಲ್ಲಿ (ಬೆಂಗಳೂರಿನ ಹೊರವಲಯದ ಆಲೂರಿನ ಧಮ್ಮ ಪಫುಲ್ಲದಲ್ಲಿ ನಡೆಯುವುದೂ ಇದೇ ಕ್ರಮದ್ದು) ಮೊದಲ ಮೂರು ದಿನ ಆನಾಪಾನವನ್ನು, ಅಂದರೆ ಮೂಗಿನ ಹೊಳ್ಳೆಗಳ ಬಳಿ ಉಸಿರು ಬಂದುಹೋಗುವುದನ್ನು ಗಮನಿಸುವ ಅಭ್ಯಾಸವನ್ನು ಕಲಿಸಿ, ನಾಲ್ಕನೆಯ ದಿನ ಗಮನವನ್ನು ಇಡೀ ದೇಹದ ಸಂವೇದನೆಗಳ ಕಡೆಗೆ ತಿರುಗಿಸಲಾಗುತ್ತದೆ. ಭಾವನವರು ಹಿಡಿದದ್ದು ಮೊದಲ ಮೂರು ದಿನಗಳನ್ನು ಮಾತ್ರ. ಅಡುಗೆಮನೆಯಲ್ಲಿರಲಿ, ಮಾರುಕಟ್ಟೆಯಲ್ಲಿರಲಿ, ಚಿತ್ತ ಹೊಳ್ಳೆಯಿಂದ ಕದಲಬಾರದು ಎಂಬುದು ಅವರ ಕಟ್ಟಪ್ಪಣೆಯಾಗಿತ್ತು. ಅದಕ್ಕೆ ಅವರು ಸಂಯುತ್ತ ನಿಕಾಯದ ಎಣ್ಣೆಪಾತ್ರೆಯ ದೃಷ್ಟಾಂತವನ್ನು ಆಧಾರವಾಗಿ ಕೊಡುತ್ತಿದ್ದರು. ಅದರಲ್ಲಿ ಕುಣಿಯುವ ಚೆಲುವೆಗೂ ಅವಳನ್ನು ನೋಡಲು ನೆರೆದ ಜನಜಂಗುಳಿಗೂ ನಡುವೆ ಒಬ್ಬನು ತುಂಬಿದ ಎಣ್ಣೆಪಾತ್ರೆ ಹಿಡಿದು ಸಾಗಬೇಕು, ಒಂದು ಹನಿ ಚೆಲ್ಲಿದರೂ ತಲೆ ಕಡಿಯಲು ಕತ್ತಿ ಹಿರಿದವನು ಹಿಂದೆಯೇ ಬರುತ್ತಿರುತ್ತಾನೆ.

ಸೂಕ್ ವಾಕಿಫ್ ದೋಹಾದ ಹಳೆಯ ಪೇಟೆ. 2003ರ ಬೆಂಕಿಯಲ್ಲಿ ಬಹುಭಾಗ ಹಾಳಾದ ಮೇಲೆ ಮಣ್ಣಿನ ಗಿಲಾವು, ಮರದ ತೊಲೆಗಳ ಹಳೆಯ ಮಾದರಿಯಲ್ಲೇ ಅದನ್ನು ಮತ್ತೆ ಕಟ್ಟಲಾಗಿದೆ. ಗುರುವಾರ ಸಂಜೆ, ವಾರದ ರಜೆಗೆ ಊರೆಲ್ಲ ಅಲ್ಲಿಗೆ ಬಂದಿರುವ ಹೊತ್ತಿನಲ್ಲಿ, ಶಿವಮೊಗ್ಗದಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ತಾಯಿಯನ್ನು ಕರೆದುಕೊಂಡು ಲೇಖಕನು ಮಸಾಲೆ ಅಂಗಡಿಗಳ ಸಾಲಿಗೆ ಹೊರಟನು. ಭಾವನವರ ಅಪ್ಪಣೆಯಂತೆ ಅವನ ಗಮನ ಹೊಳ್ಳೆಯಲ್ಲಿತ್ತು, ಕೇಸರಿ ಏಲಕ್ಕಿಗಳ ವಾಸನೆ ಕೂಡ ಅದನ್ನು ಅಲ್ಲಾಡಿಸಲಿಲ್ಲ, ಮತ್ತು ಅಂಥ ಏಕಾಗ್ರತೆ ಮನೆಯ ಕೋಣೆಯಲ್ಲೂ ಅವನಿಗೆ ಎಂದೂ ದಕ್ಕಿರಲಿಲ್ಲ. ಓಣಿಯ ಕೊನೆಯಲ್ಲಿ ತಿರುಗಿ ನೋಡಿದಾಗ ತಾಯಿ ಇರಲಿಲ್ಲ. ಅವರ ಫೋನು ಅವನ ಚೀಲದಲ್ಲಿತ್ತು, ಅವರಿಗೆ ಬರುತ್ತಿದ್ದುದು ಕನ್ನಡವೊಂದೇ. ಬಂದ ದಾರಿಯೇ ಎಂದು ಹೊಕ್ಕ ಓಣಿ ಬಟ್ಟೆ ಅಂಗಡಿಗಳದ್ದಾಗಿತ್ತು, ಅಲ್ಲಿಂದ ಹೊರಟದ್ದು ಪಾತ್ರೆಗಳ ಸಾಲಿಗೆ ತಲುಪಿತು, ಪ್ರತಿ ತಿರುವಿನಲ್ಲೂ ಸೀರೆಯುಟ್ಟ ಬೆನ್ನೊಂದು ಕಂಡು ಹತ್ತಿರ ಹೋದರೆ ಬೇರೆ ಯಾರೋ ಆಗಿರುತ್ತಿದ್ದರು. ಕಡೆಗೆ ಸಿಕ್ಕ ಕಾವಲಿನವನು ಮೊದಲು ಐಡಿ ಕೇಳಿ, ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ (ತಾಯಿ ಕಳೆದವನ ಗುರುತುಚೀಟಿಯಲ್ಲಿ ಅಷ್ಟು ಓದುವಂಥದ್ದು ಏನಿತ್ತೋ), ಆಮೇಲೆ ಸೀರೆಯ ಬಣ್ಣ ಯಾವುದು ಎಂದು ಹಿಂದಿಯಲ್ಲಿ ಕೇಳಿದನು. ಮನೆಯಿಂದ ಜೊತೆಯಲ್ಲೇ ಹೊರಟು, ಮೆಟ್ರೋದಲ್ಲಿ ಎದುರುಬದುರು ಕೂತು ಬಂದಿದ್ದರೂ ಲೇಖಕನಿಗೆ ಆ ಬಣ್ಣ ಗೊತ್ತಿರಲಿಲ್ಲ. ಹಸಿರೆಂದು ಹೇಳಿ, ಕೂಡಲೇ ನೀಲಿ ಎಂದು ತಿದ್ದಿದಾಗ ಕಾವಲಿನವನು ನೋಡಿದ ನೋಟ ಈಗಲೂ ಚುಚ್ಚುತ್ತದೆ.

ತಾಯಿ ಸಿಕ್ಕಿದ್ದು ಗಿಳಿ, ಪಾರಿವಾಳ ಮಾರುವ ಅಂಗಡಿಗಳ ಎದುರು. ಕಡುಗೆಂಪು ಒಳಕೋಟಿನ ಹಮಾಲಿಯ ಕೈಗಾಡಿಗೆ ದಾರಿ ಬಿಡಲು ತಾವು ನಿಂತದ್ದನ್ನೂ, ಮಗ ತಿರುಗದೆ ಹೋದದ್ದನ್ನೂ, ತಾವು ಯಾವ ಅಂಗಡಿಯ ಬಳಿ ಯಾವ ಕಡೆಗೆ ಹೊರಳಿದೆವೆಂಬುದನ್ನೂ ಅವರು ಒಂದೊಂದಾಗಿ ಹೇಳಿದರು. ಸೀರೆ ಕಂದುಬಣ್ಣದ್ದು.

ಐದನೆಯ ಶತಮಾನದಲ್ಲಿ ಸಿಂಹಳದಲ್ಲಿ ವಿಸುದ್ಧಿಮಗ್ಗವನ್ನು ಬರೆದ ಬುದ್ಧಘೋಷರು ಮರೆಯದಿರುವುದನ್ನೇ ಸತಿಯ ಕೆಲಸವೆಂದು ಹೇಳುತ್ತಾರೆ. ಶ್ರದ್ಧೆ, ವೀರ್ಯ, ಸತಿ, ಸಮಾಧಿ, ಪ್ರಜ್ಞೆ ಎಂಬ ಐದು ಇಂದ್ರಿಯಗಳಲ್ಲಿ ಶ್ರದ್ಧೆಯನ್ನು ಪ್ರಜ್ಞೆಯೊಂದಿಗೂ ವೀರ್ಯವನ್ನು, ಅಂದರೆ ಪ್ರಯತ್ನವನ್ನು, ಸಮಾಧಿಯೊಂದಿಗೂ ತೂಗಿಸಬೇಕು, ಸಮಾಧಿಯೊಂದೇ ಹೆಚ್ಚಾದರೆ ಚಿತ್ತ ಜಡವಾಗುತ್ತದೆ, ಸತಿ ಮಾತ್ರ ಎಲ್ಲ ಅಡುಗೆಗೂ ಬೇಕಾದ ಉಪ್ಪಿನಂತೆ ಎಲ್ಲೆಡೆ ಬೇಕು ಎಂಬುದು ಅವರ ನಿಲುವು. ಮಜ್ಝಿಮ ನಿಕಾಯದ ಸತಿಪಟ್ಠಾನ ಸುತ್ತವು ಉಸಿರಿನಿಂದ ಆರಂಭವಾದರೂ ಅಲ್ಲಿಗೇ ನಿಲ್ಲದೆ, ಮುಂದೆ ಹೋಗುವುದು, ಹಿಂದಿರುಗುವುದು, ಅತ್ತಿತ್ತ ನೋಡುವುದು, ತಿನ್ನುವುದು, ಮಾತಾಡುವುದು ಇವೆಲ್ಲವನ್ನೂ ತಿಳಿದು ಮಾಡುವ ಸಂಪಜಞ್ಞ, ಅಂದರೆ ಸ್ಪಷ್ಟ ಅರಿವನ್ನು, ಹೇಳುತ್ತದೆ. ಇನ್ನು ಭಾವನವರ ಎಣ್ಣೆಪಾತ್ರೆಯ ವಿಷಯ: ಆ ಪಾತ್ರೆ ಕಾಯಗತಾ ಸತಿಗೆ, ದೇಹವನ್ನು ಕುರಿತ ಎಚ್ಚರಕ್ಕೆ, ಸಂಕೇತವೆಂದು ಸುತ್ತವೇ ಬಿಡಿಸಿ ಹೇಳುತ್ತದೆ, ಮತ್ತು ನಡೆಯುವ ಕಾಲೂ ದೇಹವೇ ಆದ್ದರಿಂದ ಪಾತ್ರೆಯನ್ನು ಹೊಳ್ಳೆಯಷ್ಟಕ್ಕೆ ಕಿರಿದು ಮಾಡಲು ಅಲ್ಲಿ ಆಧಾರವಿಲ್ಲ. ಬರ್ಮಾದ ಮಹಾಸಿ ಸಯಾಡೊ (1904–1982) ಅವರ ಪದ್ಧತಿಯಲ್ಲಂತೂ ಹೆಜ್ಜೆ ಎತ್ತುವುದೂ ಇಡುವುದೂ ಗಮನದ ವಸ್ತುಗಳೇ. ಅಲ್ಲಿ ಬೆಳೆಯುವುದು ಖಣಿಕ ಸಮಾಧಿ, ಅಂದರೆ ಬದಲಾಗುವ ಆಲಂಬನಗಳ ಮೇಲೆ ಕ್ಷಣಕ್ಷಣಕ್ಕೆ ನಿಲ್ಲುವ ಏಕಾಗ್ರತೆ.

ಆದ್ದರಿಂದ ಹೊಳ್ಳೆಯ ಅಭ್ಯಾಸವನ್ನು ಕೂತಲ್ಲಿಗೆ ಇಟ್ಟುಕೊಂಡು, ನಡೆಯುವಾಗ ಪಾದವನ್ನೂ ಜೊತೆಗಿರುವವರನ್ನೂ ಅರಿಯುವುದು ಲೇಸು. ಹಿರಿಯರ ಫೋನು ಹಿರಿಯರ ಕೈಯಲ್ಲೇ ಇರಲಿ. ಭಾವನವರು ಇದನ್ನು ಒಪ್ಪಿಲ್ಲ. “ನಿನ್ನ ಸಮಾಧಿ ಇನ್ನೂ ಬಲಿತಿಲ್ಲ ಕಣೋ” ಎನ್ನುತ್ತಾರೆ, ಮತ್ತು ಸೂಕ್ ವಾಕಿಫ್‌ಗೆ ಬಂದಾಗ ಅಕ್ಕ ಸಾಮಾನು ಕೊಂಡು ಮುಗಿಸುವವರೆಗೂ ಚಹಾದಂಗಡಿಯ ಕುರ್ಚಿ ಬಿಟ್ಟು ಏಳುವುದಿಲ್ಲ.