ಕಡಲಕಳೆ ಕ್ಯಾಪ್ಸೂಲ್ ಮತ್ತು ಥೈರಾಯ್ಡ್

'ಸಮುದ್ರದ ಪಾಚಿ ಕ್ಯಾಪ್ಸೂಲ್ ತಗೊಂಡ್ರ ಥೈರಾಯ್ಡ್ ಗುಳಿಗಿ ಬಿಡಬಹುದೇನ್ರಿ?' ಎಂದು ಸುರಪುರದಲ್ಲಿಯೂ ಕೆಲವರು ಕೇಳುತ್ತಾರೆ. ಬಿಡಬಾರದು.

ಕಂದು ಕಡಲಕಳೆಯಲ್ಲಿ ಅಯೋಡಿನ್ ಹೇರಳವಾಗಿದೆ, ನಿಜ. ಥೈರಾಯ್ಡ್ ಗ್ರಂಥಿಗೆ ಅದು ಬೇಕೇ ಬೇಕು. ಆದರೆ ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250 ಸಾಕು. ಅಯೋಡಿನ್ ಬೆರೆಸಿದ ಉಪ್ಪಿನಿಂದಲೇ ಇದರ ಬಹುಪಾಲು ಸಿಗುತ್ತದೆ. ಕೆಲ್ಪ್ ಎಂಬ ಕಡಲಕಳೆಯಾದರೋ, ಒಣಗಿದ ಒಂದೇ ಗ್ರಾಂನಲ್ಲಿ 1000 ಮೈಕ್ರೋಗ್ರಾಂಗೂ ಮೀರಿ ಇರಬಹುದು. ಅತಿಯಾದರೆ ಗ್ರಂಥಿಯ ಕೆಲಸ ಇನ್ನಷ್ಟು ಕುಂದಬಹುದು. ಕೆಲವರಲ್ಲಿ ಅತಿ ಚುರುಕಾಗಿ ಎದೆಬಡಿತ, ಕೈನಡುಕ ಶುರುವಾಗುತ್ತದೆ.

ಅಯೋಡಿನ್ ಉಪ್ಪು ತಿನ್ನುವವರಲ್ಲಿ ಥೈರಾಯ್ಡ್ ಕುಂದಲು ಸಾಮಾನ್ಯ ಕಾರಣ, ದೇಹದ ರೋಗನಿರೋಧಕ ಶಕ್ತಿ ತನ್ನದೇ ಗ್ರಂಥಿಯ ಮೇಲೆ ತಿರುಗಿಬೀಳುವುದು. ಇದಕ್ಕೆ ಕಡಲಕಳೆ ಮದ್ದಲ್ಲ. ಗರ್ಭಿಣಿ ತಾನಾಗಿಯೇ ಥೈರಾಕ್ಸಿನ್ ನಿಲ್ಲಿಸಿದರೆ ಮಗುವಿನ ಮೆದುಳಿನ ಬೆಳವಣಿಗೆಗೇ ಪೆಟ್ಟು.

ಇದರಲ್ಲಿರುವ ಫ್ಯೂಕಾಯ್ಡನ್ ಕ್ಯಾನ್ಸರ್ ಗುಣಪಡಿಸುತ್ತದೆ ಎಂಬ ಪ್ರಚಾರವೂ ಉಂಟು. ಪ್ರಯೋಗಾಲಯದ ಜೀವಕೋಶಗಳ ಮೇಲೆ ಕಂಡದ್ದು ರೋಗಿಗಳಲ್ಲಿ ಸಾಬೀತಾಗಿಲ್ಲ. (ಹತ್ತಿ, ಮೆಣಸಿನ ಬೆಳೆಗೆ ಸಿಂಪಡಿಸುವ ಕಡಲಕಳೆ ದ್ರಾವಣವಂತೂ ಹೊಲಕ್ಕೆ ಮಾತ್ರ!)

ಈಗಾಗಲೇ ಸೇವಿಸುತ್ತಿದ್ದರೆ ಕ್ಯಾಪ್ಸೂಲ್ ನಿಲ್ಲಿಸಿ, ಡಬ್ಬಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಥೈರಾಕ್ಸಿನ್ ಗುಳಿಗೆಯನ್ನು ಎಂದಿನಂತೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮುಂದುವರಿಸಿ.